ರಾಯಚೂರಿನ ದೀಪಕ್ಕೆ ಎಣ್ಣೆ ಎಲ್ಲಿಂದ?

ಮಾನ್ವಿಯ ಕಡೆಯ ರೈತನೊಬ್ಬನು ಹೊಲದ ಬದುವಿನಲ್ಲಿ ನಿಂತು ಪಂಪಿನ ಗುಂಡಿಯನ್ನೊತ್ತುತ್ತಾನೆ. ದೇವದುರ್ಗದಲ್ಲಿ ಓದಲು ಕುಳಿತ ಹುಡುಗಿಯೊಬ್ಬಳು ಮುಸ್ಸಂಜೆಯಲ್ಲಿ ದೀಪ ಹಚ್ಚುತ್ತಾಳೆ. ರಾಯಚೂರು ನಗರದ ಅಕ್ಕಿಯ ಗಿರಣಿಯೊಂದರಲ್ಲಿ ಯಂತ್ರವು ಗುಡುಗುಟ್ಟಲು ತೊಡಗುತ್ತದೆ. ಮೂವರಿಗೂ ಬೇಕಾದುದು ಒಂದೇ ವಸ್ತು: ವಿದ್ಯುಚ್ಛಕ್ತಿ. ಅದು ಬಂದುದೆಲ್ಲಿಂದ ಎಂದು ಕೇಳಿದರೆ ಮೂವರೂ ಕೃಷ್ಣಾನದಿಯ ಕಡೆಗೆ ಕೈಮಾಡಿ, “ಶಕ್ತಿನಗರದಿಂದ” ಎಂದಾರು. ಎತ್ತರವಾದ ಆ ಹೊಗೆಕೊಳವೆಗಳನ್ನು ದಿನವೂ ಕಾಣುವವರು ಹಾಗೆ ಹೇಳುವುದು ಸಹಜವೇ ಸರಿ. ಆದರೆ ಆ ಉತ್ತರ ಅರ್ಧ ಸತ್ಯ. ಉಳಿದರ್ಧವು ಗಡಿಯಾರವನ್ನೂ ಪಂಚಾಂಗವನ್ನೂ ಅವಲಂಬಿಸಿದೆ. ಮಧ್ಯಾಹ್ನದ ದೀಪಕ್ಕೆ ಎಣ್ಣೆ ಒಂದು ಕಡೆಯದು, ರಾತ್ರಿಯ ದೀಪಕ್ಕೆ ಇನ್ನೊಂದು ಕಡೆಯದು. ಆಷಾಢದ್ದು ಒಂದು, ಚೈತ್ರದ್ದು ಮತ್ತೊಂದು.

ಇದು ಹೇಗೆ? ಒಂದೇ ದೇಶದಲ್ಲಿ ಒಂದೊಂದು ಸೀಮೆಯು ಒಂದೊಂದು ಬಗೆಯಲ್ಲಿ ವಿದ್ಯುತ್ತನ್ನು ಉತ್ಪಾದಿಸುವುದೇಕೆ? ಹಾಗೆ ಉತ್ಪಾದಿಸಿದ್ದನ್ನು ಹಂಚಿಕೊಳ್ಳುವುದೆಂತು? ಈ ಪ್ರಶ್ನೆಗಳನ್ನು ಕೇಳಲು ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬು ಪ್ರದೇಶಕ್ಕಿಂತ ತಕ್ಕ ಸ್ಥಳ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಅದರ ಕಾರಣ ಮುಂದೆ ತಿಳಿಯುವುದು.

ಪ್ರಕೃತಿ ಮಾಡಿದ ಪಾಲು

ಅಣ್ಣತಮ್ಮಂದಿರು ಆಸ್ತಿಯನ್ನು ಪಾಲು ಮಾಡಿಕೊಳ್ಳುವಾಗ ತಕ್ಕಡಿ ಹಿಡಿದು ಕೂರುತ್ತಾರೆ. ಪ್ರಕೃತಿಗೆ ಅಂಥ ತಕ್ಕಡಿಯಿಲ್ಲ. ಭಾರತದ ಕಲ್ಲಿದ್ದಲಿನ ಬಹುಭಾಗವು ದಾಮೋದರ, ಶೋಣ, ಮಹಾನದಿ, ಗೋದಾವರಿಗಳ ಕಣಿವೆಗಳಲ್ಲಿ ಹುದುಗಿದೆ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಆ ತಗ್ಗುಗಳಲ್ಲಿ ಬೆಳೆದ ದಟ್ಟವಾದ ಕಾಡುಗಳು ಕೆಸರಿನಲ್ಲಿ ಹೂತು, ಮೇಲಿನ ಪದರಗಳ ಭಾರಕ್ಕೂ ನೆಲದೊಳಗಿನ ಕಾವಿಗೂ ಸಿಕ್ಕಿ ಇದ್ದಲಾದವು. ಝಾರ್ಖಂಡ, ಒಡಿಶಾ, ಛತ್ತೀಸಗಢ, ತೆಲಂಗಾಣಗಳಿಗೆ ಈ ನಿಧಿ ದೊರೆಯಿತು.

ರಾಯಚೂರಿಗೇಕೆ ದೊರೆಯಲಿಲ್ಲ? ಇಲ್ಲಿಯ ಬೆಟ್ಟಗಳ ಬಂಡೆಯೇ ಅದಕ್ಕೆ ಉತ್ತರ ಹೇಳುತ್ತದೆ. ಈ ಕಣಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು, ಕೆಲವು ಅದಕ್ಕೂ ಹೆಚ್ಚು ಹಳೆಯವು. ನೆಲದ ಮೇಲೆ ಗಿಡಮರಗಳೇ ಇಲ್ಲದ ಕಾಲದವು. ಗಿಡವೇ ಹುಟ್ಟದಿದ್ದಾಗ ಗಟ್ಟಿಯಾದ ಕಲ್ಲಿನೊಳಗೆ ಇದ್ದಲು ಬರುವುದೆಲ್ಲಿಂದ? ಚಿನ್ನವು ದೊರೆತೀತು, ಹಟ್ಟಿಯಲ್ಲಿ ದೊರೆತೂ ಇದೆ. ಕಲ್ಲಿದ್ದಲು ಮಾತ್ರ ದೊರೆಯದು. ಕರ್ನಾಟಕದ ಬಹುಭಾಗದ ಕಥೆಯೂ ಇದೇ.

ಉಳಿದ ಪಾಲುಗಳನ್ನೂ ನೋಡೋಣ. ಹಿಮಾಲಯದ ತಪ್ಪಲಿನ ಹಿಮಾಚಲ ಪ್ರದೇಶ, ಉತ್ತರಾಖಂಡ, ಸಿಕ್ಕಿಂಗಳಿಗೆ ಕಡಿದಾದ ಇಳಿಜಾರಿನಲ್ಲಿ ಧುಮುಕುವ ನದಿಗಳಿವೆ. ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್ ಎಂಬ ಎಳೆಯ ಕಂದು ಇದ್ದಲು ಸಿಕ್ಕುತ್ತದೆ. ಅಸ್ಸಾಮಿನಲ್ಲಿ ನೈಸರ್ಗಿಕ ಅನಿಲವಿದೆ. ರಾಜಸ್ಥಾನದ ಮರುಭೂಮಿಗೆ ಮೋಡವಿಲ್ಲದ ಆಕಾಶವಿದೆ. ತಮಿಳುನಾಡಿನ ಮುಪ್ಪಂದಲದ ಕಣಿವೆಗೂ ಗುಜರಾತಿನ ಕರಾವಳಿಗೂ ಬಲವಾದ ಗಾಳಿ ಬೀಸುತ್ತದೆ. ಹೊರದೇಶಗಳಲ್ಲೂ ಇದೇ ವೈವಿಧ್ಯ. ನಾರ್ವೆಯವರು ತಮ್ಮ ವಿದ್ಯುತ್ತನ್ನು ಹೆಚ್ಚುಕಡಮೆ ಎಲ್ಲವನ್ನೂ ನೀರಿನಿಂದ ಪಡೆಯುತ್ತಾರೆ. ಐಸ್‌ಲೆಂಡಿನವರಿಗೆ ನೀರಿನೊಡನೆ ಭೂಗರ್ಭದ ಬಿಸಿಯೂ ದೊರೆತಿದೆ. ಇದ್ದಲು, ತೈಲಗಳ ಬಡತನವಿದ್ದ ಫ್ರಾನ್ಸ್ ಪರಮಾಣುವಿನ ಕಡೆಗೆ ತಿರುಗಿತು. ಇದ್ದಲು ಹೇರಳವಾಗಿರುವ ಪೋಲೆಂಡ್ ಇಂದಿಗೂ ಅದನ್ನೇ ಬಹುವಾಗಿ ಸುಡುತ್ತಿದೆ. ದೇಶದ ವಿದ್ಯುತ್ತಿನ ಬಗೆಯನ್ನು ಮೊದಲು ಬರೆಯುವುದು ಅದರ ಭೂಗೋಳ. ಸರಕಾರಗಳು ಅದನ್ನು ಆಮೇಲೆ ತಿದ್ದುತ್ತವೆ.

ನೀರಿನ ಲೆಕ್ಕ

ಕರ್ನಾಟಕದ ಪಾಲಿಗೆ ಬಂದುದು ನೀರು. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1960ರ ದಶಕದಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನೊಡನೆ ಶರಾವತಿಯ ದೊಡ್ಡ ಯೋಜನೆ ಬಂದಿತು. ಅದರ ಸಾಮರ್ಥ್ಯ ಕ್ರಮೇಣ 1035 ಮೆಗಾವಾಟಿಗೆ ಮುಟ್ಟಿತು.

ಇವೆಲ್ಲ ದಕ್ಷಿಣದಲ್ಲಿ ಮತ್ತು ಮಲೆನಾಡಿನಲ್ಲಿ ನೆಲೆಸಿದುದೇಕೆ? ಎರಡು ದೊಡ್ಡ ನದಿಗಳಿರುವ ರಾಯಚೂರಿನಲ್ಲಿ ಏಕಿಲ್ಲ? ಒಂದು ಸಣ್ಣ ಲೆಕ್ಕದಿಂದ ಇದು ತಿಳಿಯುತ್ತದೆ. ನಾವು ಹಣ ತೆರುವ ಒಂದು ಯೂನಿಟ್ ವಿದ್ಯುತ್ತು ಎಂದರೆ 36 ಲಕ್ಷ ಜೂಲುಗಳು. ಒಂದು ಟನ್ನು ನೀರು ಒಂದು ಮೀಟರು ಕೆಳಗೆ ಬಿದ್ದರೆ ದೊರೆಯುವುದು ಸುಮಾರು 9,800 ಜೂಲು ಮಾತ್ರ. ಆದುದರಿಂದ ಒಂದು ಮೀಟರಿನ ಎತ್ತರದಿಂದ ಒಂದು ಯೂನಿಟ್ ಪಡೆಯಬೇಕಾದರೆ, ನಷ್ಟವೇನೂ ಇಲ್ಲವೆಂದುಕೊಂಡರೂ, 367 ಟನ್ನು ನೀರು ಬೀಳಬೇಕು. ಶರಾವತಿಯ ಯಂತ್ರಗಳಿಗೆ ನೀರು ನಾಲ್ಕುನೂರು ಮೀಟರಿಗೂ ಹೆಚ್ಚು ಎತ್ತರದಿಂದ ಇಳಿಯುತ್ತದೆ. ಅಲ್ಲಿ ಒಂದು ಯೂನಿಟ್ಟಿಗೆ ಒಂದು ಟನ್ನಿನಷ್ಟು ನೀರು ಸಾಕು. ಇಪ್ಪತ್ತು ಮೀಟರು ಮಾತ್ರ ಇಳಿಯುವೆಡೆಯಲ್ಲಿ ಅದೇ ಒಂದು ಯೂನಿಟ್ಟಿಗೆ ಹದಿನೆಂಟು ಟನ್ನಿಗೂ ಮಿಕ್ಕು ನೀರು ಬೇಕಾಗುತ್ತದೆ. ನದಿಯ ಅಗಲ ನೋಡಿ ವಿದ್ಯುತ್ತನ್ನು ಅಳೆಯಲಾಗದು. ಅದರ ಇಳಿತವನ್ನೂ ನೋಡಬೇಕು. ದೋಆಬಿನ ಬಯಲಿನಲ್ಲಿ ನದಿಗಳು ಅಗಲವಾಗಿವೆ, ಆದರೆ ನಿಧಾನವಾಗಿ ಇಳಿಯುತ್ತವೆ.

ಹಾಗೆಂದು ಈ ಸೀಮೆಗೆ ಜಲವಿದ್ಯುತ್ತಿನ ಸಂಬಂಧವೇ ಇಲ್ಲವೆನ್ನಲಾಗದು. ಮಾನ್ವಿಯ ಭತ್ತದ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರಾ ಎಡದಂಡೆಯ ಕಾಲುವೆ. ಆ ಕಾಲುವೆಯ ತಲೆಯಲ್ಲಿ, ಅಣೆಕಟ್ಟಿನ ಬುಡದ ಮುನಿರಾಬಾದಿನಲ್ಲಿ, ಸುಮಾರು 28 ಮೆಗಾವಾಟಿನ ವಿದ್ಯುದಾಗಾರವೊಂದಿದೆ. ನೀರು ಅಲ್ಲಿ ಮೊದಲು ಯಂತ್ರವನ್ನು ತಿರುಗಿಸಿ, ಬಳಿಕ ಪೈರಿನ ಕಡೆಗೆ ಹೊರಡುತ್ತದೆ. ಒಂದೇ ನೀರು ಎರಡು ಬಾರಿ ದುಡಿಯುವ ಬಗೆ ಇದು. ದೇವದುರ್ಗದ ಅಂಚಿನಲ್ಲಿ ಹರಿಯುವ ಕೃಷ್ಣೆಯೂ ಹೀಗೆಯೇ ದುಡಿಯುತ್ತ ಬರುವವಳು. ಮೇಲೆ ಆಲಮಟ್ಟಿಯಲ್ಲಿ 290 ಮೆಗಾವಾಟಿನ ಯಂತ್ರಗಳನ್ನು ತಿರುಗಿಸಿ ಇಲ್ಲಿಗೆ ಬರುತ್ತಾಳೆ. ಇಲ್ಲಿಂದ ಮುಂದೆ ತೆಲಂಗಾಣದ ಜುರಾಲಾದಲ್ಲಿ 234 ಮೆಗಾವಾಟಿನ ಯಂತ್ರಗಳನ್ನು ತಿರುಗಿಸಿ, ಶ್ರೀಶೈಲಕ್ಕೆ ಹೋಗುತ್ತಾಳೆ.

ಆದರೆ ನೀರನ್ನೊಂದನ್ನೇ ನಂಬಿದ ನಾಡು ಮುಗಿಲನ್ನೂ ನಂಬಬೇಕು. ಮಳೆ ತಪ್ಪಿದ ವರ್ಷ ಬೆಳೆಯೂ ಹೋಗುತ್ತದೆ, ಬೆಳಕೂ ಹೋಗುತ್ತದೆ. ಪಂಪಿಗೆ ವಿದ್ಯುತ್ತು ಅತಿಯಾಗಿ ಬೇಕಾದ ಬರಗಾಲದಲ್ಲೇ ಜಲಾಶಯಗಳು ಬರಿದಾಗಿರುತ್ತವೆ. 1980ರ ದಶಕದ ಮೊದಲವರೆಗೂ ಕರ್ನಾಟಕದ ಸ್ವಂತ ಉತ್ಪಾದನೆಯು ಬಹುತೇಕ ಜಲಮೂಲದ್ದೇ ಆಗಿದ್ದುದರಿಂದ ಈ ಕಷ್ಟವನ್ನು ನಾಡು ಚೆನ್ನಾಗಿ ಉಂಡಿತ್ತು. ಮಳೆಯ ಹಂಗಿಲ್ಲದ ಇನ್ನೊಂದು ಮೂಲವು ಅವಶ್ಯವಾಯಿತು.

ಇಲ್ಲದ ಇದ್ದಲನ್ನು ತಂದ ಬಗೆ

ಕಲ್ಲಿದ್ದಲಿಲ್ಲದ ರಾಯಚೂರಿನಲ್ಲಿಯೇ ರಾಜ್ಯದ ಮೊದಲ ದೊಡ್ಡ ಉಷ್ಣವಿದ್ಯುದಾಗಾರವು ಏಕೆ ನೆಲೆಸಿತು? ಅಂಥ ಆಗಾರಕ್ಕೆ ಎರಡು ಆಹಾರಗಳು ಬೇಕು: ಇದ್ದಲು ಮತ್ತು ನೀರು. ನೀರು ಕೃಷ್ಣೆಯಲ್ಲಿದೆ. ಇದ್ದಲಿಗೆ ರೈಲು ಬೇಕು. ಮುಂಬಯಿಯಿಂದ ಮದರಾಸಿಗೆ ಹೋಗುವ ಹಳೆಯ ರೈಲುಮಾರ್ಗ ಈ ಊರಿನ ಮೂಲಕವೇ ಸಾಗುತ್ತದೆ. ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳೂ ಕರ್ನಾಟಕದ ಇತರ ಜಿಲ್ಲೆಗಳಿಗಿಂತ ಇಲ್ಲಿಗೆ ಹತ್ತಿರ. ಹೀಗೆ ನಗರದಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ನದಿಯ ದಡದಲ್ಲಿ ಶಕ್ತಿನಗರವು ಹುಟ್ಟಿತು. 210 ಮೆಗಾವಾಟಿನ ಮೊದಲ ಘಟಕವು 1985ರಲ್ಲಿ ಆರಂಭವಾಯಿತು. ಅಂಥವೇ ಏಳು ಘಟಕಗಳೂ 250 ಮೆಗಾವಾಟಿನ ಎಂಟನೆಯದೂ ಸೇರಿ 2010ರ ವೇಳೆಗೆ ಸಾಮರ್ಥ್ಯವು 1720 ಮೆಗಾವಾಟಾಯಿತು.

ಒಳಗೆ ನಡೆಯುವ ಕೆಲಸವು ಅಡಿಗೆಮನೆಯ ಕೆಲಸದ ದೊಡ್ಡ ರೂಪವೇ. ಇದ್ದಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಕುಲುಮೆಯೊಳಕ್ಕೆ ಊದುತ್ತಾರೆ. ಅದರ ಉರಿಯು ಕೊಳವೆಗಳಲ್ಲಿಯ ನೀರನ್ನು ಉಗಿಯಾಗಿಸುತ್ತದೆ. ಒತ್ತಡದಿಂದ ನುಗ್ಗುವ ಉಗಿಯು ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಜನಕಯಂತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ. ದುಡಿದು ಬಳಲಿದ ಉಗಿಯನ್ನು ತಂಪುಮಾಡಿ ಮತ್ತೆ ನೀರಾಗಿಸುವುದಕ್ಕೆ ನದಿಯ ನೀರು ಬೇಕಾಗುತ್ತದೆ.

ಇದರ ವೆಚ್ಚವನ್ನು ವಾಚಕರು ತಾವೇ ಲೆಕ್ಕ ಹಾಕಬಹುದು. ಒಂದು ಯೂನಿಟ್ ವಿದ್ಯುತ್ತು ಎಂದರೆ 860 ಕಿಲೋಕ್ಯಾಲೊರಿ ಶಾಖಕ್ಕೆ ಸಮಾನ. ಆದರೆ ಇಂಥ ಆಗಾರವು ತನಗೆ ಕೊಟ್ಟ ಶಾಖದಲ್ಲಿ ನೂರಕ್ಕೆ ಸುಮಾರು 35 ಪಾಲನ್ನಷ್ಟೇ ವಿದ್ಯುತ್ತಾಗಿ ಹಿಂದಿರುಗಿಸುತ್ತದೆ. ಉಳಿದುದು ಹೊಗೆಕೊಳವೆಯಿಂದಲೂ ತಂಪುಗೋಪುರದಿಂದಲೂ ಗಾಳಿಗೆ ಹೋಗುತ್ತದೆ. ಆದಕಾರಣ ಒಂದು ಯೂನಿಟ್ಟಿಗೆ ಸುಮಾರು 2,450 ಕಿಲೋಕ್ಯಾಲೊರಿ ಶಾಖ ಬೇಕು. ನಮ್ಮ ದೇಶದ ಸಾಮಾನ್ಯ ಇದ್ದಲು ಒಂದು ಕಿಲೋಗ್ರಾಮಿಗೆ 3,700 ಕಿಲೋಕ್ಯಾಲೊರಿ ಕೊಡುವುದೆಂದು ಹಿಡಿದರೆ, ಒಂದು ಯೂನಿಟ್ಟಿಗೆ ಅದರ ಮೂರನೆಯ ಎರಡು ಪಾಲು, ಎಂದರೆ ಸುಮಾರು 660 ಗ್ರಾಂ ಬೇಕಾಗುತ್ತದೆ. 210 ಮೆಗಾವಾಟಿನ ಒಂದು ಘಟಕವು ಹಗಲಿರುಳು ಪೂರ್ಣವಾಗಿ ದುಡಿದರೆ ದಿನಕ್ಕೆ 50 ಲಕ್ಷ ಯೂನಿಟ್ಟು. ಅದಕ್ಕೆ ಬೇಕಾದ ಇದ್ದಲು 3,300 ಟನ್ನು. ಇದು ಹೆಚ್ಚುಕಡಮೆ ಒಂದು ಗೂಡ್ಸು ರೈಲಿನ ಹೇರು. ಎಂಟು ಘಟಕಗಳೂ ಹೀಗೆ ದುಡಿದರೆ ದಿನಕ್ಕೆ ಏಳೆಂಟು ರೈಲುಗಳು ಬಂದು ಬರಿದಾಗಬೇಕು.

ಉರಿದ ಮೇಲೆ ಉಳಿಯುವುದೇನು? ನಮ್ಮ ಇದ್ದಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿ. ಮೇಲಿನ ಲೆಕ್ಕದಲ್ಲಿ ದಿನಕ್ಕೆ 9,000 ಟನ್ನು! ಇದರಲ್ಲಿ ಹಾರುಬೂದಿಯು ಸಿಮೆಂಟಿಗೂ ಇಟ್ಟಿಗೆಗೂ ಬಳಕೆಯಾಗುತ್ತದೆ. ಉಳಿದುದನ್ನು ನೀರಿನಲ್ಲಿ ಕಲಸಿ ಬೂದಿಹೊಂಡಗಳಿಗೆ ಹರಿಸುತ್ತಾರೆ. ಹೊಂಡವು ಒಣಗಿದಾಗ ಬೇಸಗೆಯ ಗಾಳಿ ಅದನ್ನು ಎತ್ತಿ ಹೊಲಮನೆಗಳ ಮೇಲೆ ಹರಡಬಲ್ಲುದು. ಆದ್ದರಿಂದ ಅದನ್ನು ತೇವವಾಗಿರಿಸುವುದೂ, ಬೇಗ ಬಳಕೆಗೆ ಕಳುಹಿಸುವುದೂ ವಿದ್ಯುತ್ತನ್ನು ಉತ್ಪಾದಿಸುವಷ್ಟೇ ಮುಖ್ಯವಾದ ಕರ್ತವ್ಯ. ನೀರಿನ ವಿಷಯದಲ್ಲಿಯೂ ಮಿತಿಯುಂಟು: ತಂಪುಗೋಪುರಗಳಿರುವ ಹಳೆಯ ಆಗಾರಗಳು ಒಂದು ಯೂನಿಟ್ಟಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರನ್ನು ಬಳಸಬಾರದೆಂದು ಕೇಂದ್ರ ಸರಕಾರವು 2015ರಲ್ಲಿ ಕಟ್ಟಳೆ ಮಾಡಿತು. ಬೇಸಗೆಯಲ್ಲಿ ಕೃಷ್ಣೆ ಸೊರಗಿದಾಗ ಹೊಲ, ಊರು, ಆಗಾರ ಮೂರೂ ಒಂದೇ ನೀರಿಗೆ ಕೈಚಾಚುತ್ತವೆ ಎಂಬುದನ್ನು ನೆನೆದರೆ ಈ ಕಟ್ಟಳೆಯ ಬೆಲೆ ತಿಳಿದೀತು.

ಶಾಖದ ಅಪವ್ಯಯವನ್ನು ತಗ್ಗಿಸುವ ಮಾರ್ಗವಿಲ್ಲವೆ? ಉಂಟು. ಉಗಿಯು ಹೆಚ್ಚು ಬಿಸಿಯಾಗಿ, ಹೆಚ್ಚು ಒತ್ತಡದಲ್ಲಿದ್ದಷ್ಟೂ ಅದರಿಂದ ಪಡೆಯಬಹುದಾದ ಕೆಲಸ ಹೆಚ್ಚು. ವಾಯುಮಂಡಲದ ಒತ್ತಡದ ಸುಮಾರು 218 ಪಟ್ಟು ಒತ್ತಡ ಮತ್ತು 374 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯನ್ನು ದಾಟಿದರೆ ನೀರಿಗೂ ಉಗಿಗೂ ಭೇದವೇ ಉಳಿಯದು. ಕುದಿಯುವ ಹಂತವೇ ಇಲ್ಲದೆ ನೀರು ಉಗಿಯ ಗುಣವನ್ನು ಹೊಂದುತ್ತದೆ. ಈ ಸ್ಥಿತಿಯನ್ನು ಬಳಸುವ 800 ಮೆಗಾವಾಟಿನ ಎರಡು ಘಟಕಗಳು ರಾಯಚೂರಿಗೆ ಹೊಂದಿಕೊಂಡ ಯರಮರಸಿನಲ್ಲಿ 2016-17ರ ಸುಮಾರಿಗೆ ಕೆಲಸಕ್ಕೆ ಬಂದವು. ಅದೇ ಇದ್ದಲಿಗೆ ಇವು ಹೆಚ್ಚು ಯೂನಿಟ್ ಕೊಡುತ್ತವೆ.

ಬಿಸಿಲು, ಗಾಳಿ, ಹೊಟ್ಟು

ರಾಯಚೂರಿನವರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಗರವು 16 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಇರುವುದರಿಂದ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮತ್ತೊಮ್ಮೆ, ಸೂರ್ಯನು ನಡುನೆತ್ತಿಯ ಮೇಲೆಯೇ ಬರುತ್ತಾನೆ. ಇಲ್ಲಿಯ ಒಂದು ಚದರ ಮೀಟರು ನೆಲಕ್ಕೆ ದಿನವೊಂದಕ್ಕೆ ಸರಾಸರಿ ಐದು ಯೂನಿಟ್ಟಿಗೂ ಮಿಕ್ಕು ಸೂರ್ಯಶಕ್ತಿ ಬೀಳುತ್ತದೆ. ರಾಜ್ಯದ ವಿದ್ಯುತ್ ನಿಗಮವು ತನ್ನ ಮೊದಮೊದಲ ಸೌರ ಸ್ಥಾವರಗಳಲ್ಲಿ 3 ಮೆಗಾವಾಟಿನದೊಂದನ್ನು ಇದೇ ಜಿಲ್ಲೆಯ ಯಾಪಲದಿನ್ನಿಯಲ್ಲಿ ಹೂಡಿತು. ಆಮೇಲೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ, 2,050 ಮೆಗಾವಾಟಿನ ಸೌರವನವು 2019ರಲ್ಲಿ ಪೂರ್ಣವಾಯಿತು. ಬರದ ಸೀಮೆಯೆಂದು ಹೆಸರಾದ ನೆಲವು ಬಿಸಿಲನ್ನೇ ಬೆಳೆಯಾಗಿ ಕೊಯ್ಯತೊಡಗಿತು.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುವುದೆಂದು ಯಾರಾದರೂ ಭಾವಿಸಬಹುದು. ಆದರೆ ಬೆಳಕು ಬೇರೆ, ಬಿಸಿ ಬೇರೆ. ಸಿಲಿಕಾನಿನ ಸೌರಫಲಕವು ಬೆಳಕನ್ನು ಬಯಸುತ್ತದೆ, ಬಿಸಿಯನ್ನು ಸೈರಿಸದು. ಅದರ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಮುಂದೆ ಒಂದೊಂದು ಡಿಗ್ರಿ ಏರಿದಂತೆ ನೂರಕ್ಕೆ ಸುಮಾರು 0.4ರಷ್ಟು ಉತ್ಪತ್ತಿ ಕುಗ್ಗುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಫಲಕವು 65 ಡಿಗ್ರಿಗೆ ಕಾದರೆ ನೂರರಲ್ಲಿ 16 ಪಾಲು ಹೋಯಿತು. ಮೇಲೆ ಕೂರುವ ಕರಿಮಣ್ಣಿನ ಧೂಳು ಇನ್ನಷ್ಟನ್ನು ನುಂಗುತ್ತದೆ. ಆದುದರಿಂದ ಸುಡುಬಿಸಿಲಿನ ದಿನಕ್ಕಿಂತ, ಆಕಾಶ ತಿಳಿಯಾಗಿದ್ದು ಗಾಳಿ ತಂಪಾಗಿರುವ ದಿನವೇ ಫಲಕಕ್ಕೆ ಹಿತ.

ಗಾಳಿಯ ನಡೆ ಇನ್ನೊಂದು ತೆರ. ಗಾಳಿಯ ವೇಗವು ಎರಡು ಪಟ್ಟಾದರೆ ಅದರ ಶಕ್ತಿಯು ಎಂಟು ಪಟ್ಟಾಗುತ್ತದೆ. ಆದಕಾರಣ ಬೀಸುವ ಕಡೆಯನ್ನು ಹುಡುಕಿ ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಮುಂಗಾರಿನ ತಿಂಗಳುಗಳಲ್ಲಿ ಅವು ಬಿಡುವಿಲ್ಲದೆ ತಿರುಗುತ್ತವೆ. ಚಳಿಗಾಲದಲ್ಲಿ ಬಹಳ ಹೊತ್ತು ಸುಮ್ಮನಿರುತ್ತವೆ.

ಇನ್ನೊಂದು ಮೂಲವು ಮಾನ್ವಿಯ ಗಿರಣಿಗಳ ಹಿತ್ತಲಿನಲ್ಲಿಯೇ ರಾಶಿಬಿದ್ದಿರುತ್ತದೆ. ಒಂದು ಟನ್ನು ಭತ್ತವನ್ನು ಮಾಡಿಸಿದರೆ ಸುಮಾರು 200 ಕಿಲೋಗ್ರಾಂ ಹೊಟ್ಟು ಬರುತ್ತದೆ. ಕಿಲೋಗ್ರಾಮಿಗೆ 3,000 ಕಿಲೋಕ್ಯಾಲೊರಿಗೂ ಮಿಕ್ಕು ಶಾಖ ಕೊಡುವ ಈ ಹೊಟ್ಟು, ಬೂದಿ ತುಂಬಿದ ನಮ್ಮ ಕಲ್ಲಿದ್ದಲಿಗೆ ಬಹಳವೇನೂ ಕೀಳಲ್ಲ. ಭತ್ತ ಕುದಿಸುವ ಬಾಯ್ಲರುಗಳಲ್ಲಿ ಅದನ್ನೇ ಉರಿಸುತ್ತಾರೆ. ದೇವದುರ್ಗದ ಕಡೆ ಹತ್ತಿಯ ಮತ್ತು ತೊಗರಿಯ ಕಟ್ಟಿಗೆ ಒಲೆಗೆ ಹೋಗುತ್ತದೆ. ಇವೂ ಶಕ್ತಿಯ ಲೆಕ್ಕದಲ್ಲಿ ಸೇರತಕ್ಕವೇ. ವಿದ್ಯುತ್ತಿನ ಮೀಟರಿನಲ್ಲಿ ಕಾಣಿಸದಿದ್ದ ಮಾತ್ರಕ್ಕೆ ಇಲ್ಲವೆಂದಾಗದು.

ಬಳಸಿದಾಗಲೇ ಬೆಳೆಯಬೇಕಾದ ಪದಾರ್ಥ

ಇಷ್ಟೊಂದು ಮೂಲಗಳಿದ್ದ ಮೇಲೆ ಚಿಂತೆಯೇಕೆ? ಧಾನ್ಯವಾದರೆ ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯಬಹುದು. ವಿದ್ಯುತ್ತನ್ನು ಹಾಗೆ ದೊಡ್ಡ ಪ್ರಮಾಣದಲ್ಲಿ ತುಂಬಿಡುವುದು ಸುಲಭವಲ್ಲ. ಬಳಸುವ ಕ್ಷಣದಲ್ಲೇ ಅದನ್ನು ಉತ್ಪಾದಿಸಬೇಕು. ಬಳಕೆ ಉತ್ಪಾದನೆಗಿಂತ ಹೆಚ್ಚಾದೊಡನೆ ಜಾಲದ ಎಲ್ಲ ಜನಕಯಂತ್ರಗಳೂ ಏರು ಹತ್ತುವ ಎತ್ತುಗಳಂತೆ ಒಟ್ಟಿಗೇ ಬಳಲಿ ನಿಧಾನವಾಗುತ್ತವೆ. ಉತ್ಪಾದನೆ ಹೆಚ್ಚಾದರೆ ಇಳಿಜಾರಿನಂತೆ ಒಟ್ಟಿಗೇ ಓಡುತ್ತವೆ. ಸೆಕೆಂಡಿಗೆ 50 ಆವರ್ತಗಳೆಂಬುದು ನಮ್ಮ ಜಾಲದ ನಾಡಿ. ಅದು 49.90ರಿಂದ 50.05ರ ಒಳಗೆ ಇರಬೇಕೆಂಬುದು ನಿಯಮ.

ಈಗ ಮೂಲಗಳ ವೇಳಾಪಟ್ಟಿಯನ್ನು ಗಮನಿಸಿ. ನಡುಹಗಲಿನಲ್ಲಿ ಸೂರ್ಯನು ಧಾರಾಳಿ. ಸಂಜೆ ಆರರ ಮೇಲೆ, ಮನೆಮನೆಗಳಲ್ಲಿ ದೀಪ ಹೊತ್ತುವ ಸಮಯಕ್ಕೇ, ಅವನು ಕೈ ಹಿಂತೆಗೆಯುತ್ತಾನೆ. ಆ ಒಂದೆರಡು ಗಂಟೆಗಳಲ್ಲಿ ಕೊರತೆ ತುಂಬುವವರು ಯಾರು? ನೀರಿನ ಯಂತ್ರವು ಕೆಲವೇ ನಿಮಿಷಗಳಲ್ಲಿ ಪೂರ್ಣ ವೇಗಕ್ಕೆ ಬರಬಲ್ಲುದು. ಆದ್ದರಿಂದ ಶರಾವತಿಯಂಥವು ಸಂಜೆಯ ಆಪ್ತಮಿತ್ರರು. ಶಕ್ತಿನಗರದ ಕುಲುಮೆ ಹಾಗಲ್ಲ. ತಣ್ಣಗಾದುದನ್ನು ಮತ್ತೆ ಹೊತ್ತಿಸಿ ಪೂರ್ಣ ಸಾಮರ್ಥ್ಯಕ್ಕೆ ತರಲು ಹಲವು ಗಂಟೆಗಳೇ ಬೇಕು. ಕೈಗಾದ ಪರಮಾಣು ಘಟಕಗಳು, 220 ಮೆಗಾವಾಟಿನ ನಾಲ್ಕು, ಹಗಲಿರುಳು ಒಂದೇ ಸಮನೆ ದುಡಿಯುವುದಕ್ಕೆ ತಕ್ಕವು. ಹೀಗಾಗಿ ಮುಂಗಾರು ಚೆನ್ನಾಗಿ ಬಂದು, ನದಿ ತುಂಬಿ, ಗಾಳಿ ಬೀಸುವಾಗ ರಾಯಚೂರಿನ ಘಟಕಗಳಲ್ಲಿ ಹಲವನ್ನು ನಿಲ್ಲಿಸುವುದುಂಟು. ಮಳೆ ಕೈಕೊಟ್ಟಾಗ ಎಲ್ಲವನ್ನೂ ದುಡಿಸಬೇಕಾಗುತ್ತದೆ. ನಲವತ್ತು ವರ್ಷಗಳ ಹಿಂದೆ ದಿನದ ಊಟವೆಂದು ಬಂದ ಇದ್ದಲು ಈಗ ಕೆಲವು ತಿಂಗಳು ಆಪತ್ತಿನ ಬುತ್ತಿಯಾಗುತ್ತಿದೆ. ಅದರ ಯಂತ್ರಗಳಿಗೆ ಈ ನಿಲ್ಲು-ಓಡು ಆಟವು ಹಿಡಿಸುವುದಿಲ್ಲವೆಂಬುದು ಬೇರೊಂದು ತೊಡಕು. ಪದೇ ಪದೇ ಕಾದು ತಣಿಯುವ ಲೋಹ ಬೇಗ ಸವೆಯುತ್ತದೆ.

ಹಗಲಿನ ಹೆಚ್ಚಳವನ್ನು ಸಂಜೆಗೆ ಉಳಿಸುವ ಒಂದು ಉಪಾಯವಿದೆ. ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಡುವುದು. ಕೃಷ್ಣೆಯ ಮೇಲೆಯೇ ಶ್ರೀಶೈಲದ ಎಡದಂಡೆಯಲ್ಲಿ 900 ಮೆಗಾವಾಟಿನ ಇಂಥ ಹಿಮ್ಮುಖವಾಗಿಯೂ ತಿರುಗಬಲ್ಲ ಯಂತ್ರಗಳಿವೆ. ಎತ್ತುವಾಗ ನೂರು ಯೂನಿಟ್ ಖರ್ಚಾದರೆ ಇಳಿಸುವಾಗ ಎಪ್ಪತ್ತೈದೋ ಎಂಬತ್ತೋ ಮರಳಿ ಬರುತ್ತವೆ. ಬಡ್ಡಿ ಕೊಟ್ಟು ಮಾಡುವ ಉಳಿತಾಯವಿದು. ಆದರೂ ಸಂಜೆಯ ಕತ್ತಲೆಗಿಂತ ಅಗ್ಗ.

ಎರಡು ಜಾಲಗಳ ಬೆಸುಗೆ

ಇನ್ನೊಂದು ಉಪಾಯವೆಂದರೆ ದೂರದ ನೆರೆಯವನೊಡನೆ ಕೊಡುಕೊಳ್ಳುವುದು. ಇಲ್ಲಿಯೇ ರಾಯಚೂರಿನ ಹೆಸರು ದೇಶದ ವಿದ್ಯುತ್ತಿನ ಇತಿಹಾಸದಲ್ಲಿ ಸೇರಿದುದು.

ಭಾರತದಲ್ಲಿ ಮೊದಲು ಐದು ಪ್ರತ್ಯೇಕ ಪ್ರಾದೇಶಿಕ ಜಾಲಗಳಿದ್ದವು. 1991ರಲ್ಲಿ ಪೂರ್ವ ಮತ್ತು ಈಶಾನ್ಯದ ಜಾಲಗಳು ಕೂಡಿದವು. 2003ರಲ್ಲಿ ಪಶ್ಚಿಮವೂ, 2006ರಲ್ಲಿ ಉತ್ತರವೂ ಅವುಗಳೊಡನೆ ಸೇರಿದವು. ದಕ್ಷಿಣ ಮಾತ್ರ ಬೇರೆಯಾಗಿಯೇ ಉಳಿಯಿತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದ ಏಕಮುಖ ಪ್ರವಾಹದ ಮಾರ್ಗದಂಥ ಕೆಲವು ಸೇತುವೆಗಳಿದ್ದವು ನಿಜ. ಆದರೆ ಅವು ತೂಬಿನಿಂದ ಅಳೆದು ಬಿಡುವ ನೀರಿನಂತೆ. ಇತ್ತಣ ನಾಡಿಗೂ ಅತ್ತಣ ನಾಡಿಗೂ ಮಿಡಿತ ಬೇರೆ ಬೇರೆಯೇ. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ, ಸುಮಾರು 208 ಕಿಲೋಮೀಟರು ಉದ್ದದ 765 ಕಿಲೋವೋಲ್ಟಿನ ಮಾರ್ಗವು ಕೆಲಸಕ್ಕೆ ಬಂದಿತು. ಅಂದಿನಿಂದ ಲಡಾಖಿನ ತುದಿಯ ಯಂತ್ರವೂ ಕನ್ಯಾಕುಮಾರಿಯ ಯಂತ್ರವೂ ಒಂದೇ ನಾಡಿಯಲ್ಲಿ ಮಿಡಿಯುವ ಏಕಜಾಲಕ್ಕೆ ದಾರಿಯಾಯಿತು. ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಿಯಾರು: ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದುದೂ 1871ರಲ್ಲಿ ಕೂಡಿದುದು ಇದೇ ರಾಯಚೂರಿನಲ್ಲಿ.

765 ಕಿಲೋವೋಲ್ಟೆಂಬ ಅಷ್ಟು ಭಾರಿ ಒತ್ತಡವೇಕೆ? ತಂತಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ತಂತಿ ಕಾದು ಶಕ್ತಿ ಪೋಲಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿ. ವೋಲ್ಟೇಜನ್ನು ಇಮ್ಮಡಿಸಿದರೆ ಅಷ್ಟೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಸಾಗಿಸಬಹುದು; ನಷ್ಟ ನಾಲ್ಕರಲ್ಲೊಂದಾಗುತ್ತದೆ. ದೂರ ಹೆಚ್ಚಾದಷ್ಟೂ ಒತ್ತಡವನ್ನು ಏರಿಸುವ ಗುಟ್ಟು ಇದೇ.

ಇಂಥ ಬೆಸುಗೆಗೆ ಅಪಾಯವೂ ಉಂಟು. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲಗಳು ಕುಸಿದು ಕೋಟ್ಯಂತರ ಜನ ಕತ್ತಲೆಯಲ್ಲಿದ್ದಾಗ, ಬೇರೆಯಾಗಿದ್ದ ದಕ್ಷಿಣವು ಪಾರಾಗಿತ್ತು. ಒಂದೇ ನೊಗಕ್ಕೆ ಕಟ್ಟಿದ ಮೇಲೆ ಒಂದೆತ್ತು ಎಡವಿದರೆ ಮತ್ತೊಂದೂ ತೂರಾಡೀತು. ಅದಕ್ಕಾಗಿಯೇ ಕೆಟ್ಟ ಭಾಗವನ್ನು ಕ್ಷಣದಲ್ಲಿ ಕತ್ತರಿಸಿ ಬೇರ್ಪಡಿಸುವ ರಕ್ಷಣಾಯಂತ್ರಗಳು ಅವಶ್ಯ. ಲಾಭವಾದರೋ 2023ರಲ್ಲಿ ಕಣ್ಣಿಗೆ ಕಂಡಿತು. ಆ ವರ್ಷ ಕರ್ನಾಟಕದಲ್ಲಿ ಬರ ಬಿದ್ದು, ಜಲಾಶಯಗಳು ತುಂಬದೆ, ಪಂಪುಗಳ ಬೇಡಿಕೆ ಏರಿದಾಗ, ರಾಜ್ಯವು ಪಂಜಾಬ್ ಮತ್ತು ಉತ್ತರ ಪ್ರದೇಶಗಳಿಂದ ಕೈಗಡವಾಗಿ ವಿದ್ಯುತ್ತನ್ನು ಪಡೆಯಲು ಏರ್ಪಾಡು ಮಾಡಿಕೊಂಡಿತು. ಅಲ್ಲಿಯ ಚಳಿಗಾಲದಲ್ಲಿ ಮಿಕ್ಕುದನ್ನು ಪಡೆದು, ಅವರ ಭತ್ತದ ನಾಟಿಗೆ ಬೇಕಾಗುವ ಕಾಲದಲ್ಲಿ ಹಿಂದಿರುಗಿಸುವುದು ಕರಾರು. ಹಳ್ಳಿಯಲ್ಲಿ ಬೀಜದ ಜೋಳವನ್ನು ಕಡ ತಂದು ಸುಗ್ಗಿಯಲ್ಲಿ ಅಳೆದುಕೊಡುವ ಹಳೆಯ ವಾಡಿಕೆಯೇ ಇಲ್ಲಿ ಸಾವಿರಾರು ಮೈಲಿಗಳಿಗೆ ಹಬ್ಬಿದೆ.

ನಮ್ಮ ಪಾಲಿನ ಕೆಲಸ

ಮೊದಲಿನ ಮೂವರ ಬಳಿಗೆ ಮರಳೋಣ. ಮಾನ್ವಿಯ ರೈತನು ನಡುಹಗಲಿನಲ್ಲಿ ಪಂಪು ಓಡಿಸಿದರೆ ಅವನ ಪ್ರವಾಹದಲ್ಲಿ ಬಿಸಿಲಿನ ಪಾಲು ದೊಡ್ಡದು. ಅದೇ ಪಂಪನ್ನು ಸಂಜೆ ಏಳಕ್ಕೆ ಓಡಿಸಿದರೆ ಇದ್ದಲಿನದೋ ಶರಾವತಿಯದೋ ಪಾಲು ಹೆಚ್ಚು. ಕೃಷಿಯ ಪಂಪುಗಳಿಗೆ ಹಗಲಿನಲ್ಲೇ ಸೌರವಿದ್ಯುತ್ತನ್ನು ಒದಗಿಸುವ ಕುಸುಮ್ ಯೋಜನೆಯನ್ನು ಕೇಂದ್ರವು 2019ರಲ್ಲಿ ಆರಂಭಿಸಿದುದರ ತತ್ತ್ವ ಇದೇ. ರೈತನು ನಡುರಾತ್ರಿಯಲ್ಲಿ ಹಾವುಚೇಳುಗಳ ನಡುವೆ ಹೊಲಕ್ಕೆ ಹೋಗುವುದೂ ತಪ್ಪುತ್ತದೆ, ಸಂಜೆಯ ಹೊರೆಯೂ ಇಳಿಯುತ್ತದೆ. ಆದರೆ ಹಗಲಿನ ವಿದ್ಯುತ್ತು ಸುಲಭವೆಂದು ನೆಲದೊಳಗಿನ ನೀರನ್ನು ಮಿತಿಯಿಲ್ಲದೆ ಎತ್ತಿದರೆ ಒಂದು ಬರವನ್ನು ನೀಗಿ ಇನ್ನೊಂದನ್ನು ಕರೆದಂತಾದೀತು.

ದೇವದುರ್ಗದ ಹುಡುಗಿಯ ದೀಪ ಸಂಜೆಯದು; ಅದನ್ನು ಮಧ್ಯಾಹ್ನಕ್ಕೆ ಸರಿಸಲಾಗದು. ಆದ್ದರಿಂದ ಸರಿಸಬಹುದಾದ ಕೆಲಸಗಳನ್ನು ಇತರರು ಸರಿಸಿ, ಅವಳ ದೀಪಕ್ಕೆ ಎಡೆಮಾಡಿಕೊಡಬೇಕು. ಹಿಟ್ಟಿನ ಗಿರಣಿ, ನೀರೆತ್ತುವ ತೊಟ್ಟಿ, ಬಟ್ಟೆ ಒಗೆಯುವ ಯಂತ್ರ ಇವೆಲ್ಲ ಹಗಲಿಗೆ ಹೊಂದುವಂಥವು. ಹತ್ತು ವಾಟಿನ ಎಲ್‌ಇಡಿ ದೀಪವು ಹಿಂದಿನ ಅರುವತ್ತು ವಾಟಿನ ಬುರುಡೆಯಷ್ಟೇ ಬೆಳಕು ಕೊಡುತ್ತದೆ. ಅಂಥ ಒಂದು ದೀಪದಿಂದ ಸಂಜೆಯ ನಾಲ್ಕು ಗಂಟೆಗಳಲ್ಲಿ ಉಳಿಯುವುದು 200 ವಾಟ್‌ಗಂಟೆ. ಐದು ದೀಪಗಳಿಗೆ ಒಂದು ಯೂನಿಟ್. ಒಂದು ಯೂನಿಟ್ಟು ಎಂದರೆ 660 ಗ್ರಾಂ ಇದ್ದಲು, ಮೂರೂವರೆ ಲೀಟರು ಕೃಷ್ಣೆಯ ನೀರು, 200 ಗ್ರಾಮಿಗೂ ಮಿಕ್ಕು ಬೂದಿ ಎಂಬುದನ್ನು ನಾವು ಆಗಲೇ ಲೆಕ್ಕ ಹಾಕಿದ್ದೇವೆ.

ಆ ಬೂದಿ ಬೀಳುವುದು ಬೆಂಗಳೂರಿನಲ್ಲಲ್ಲ, ಶಕ್ತಿನಗರದ ಸುತ್ತಣ ಹೊಲಗಳ ಬಳಿ. ಜಾಲವು ಬೆಳಕನ್ನು ಸಮನಾಗಿ ಹಂಚಬಲ್ಲುದು. ಬೂದಿಯನ್ನೂ ಕಾವನ್ನೂ ಹಂಚಲಾರದು. ದೇಶದ ಶಕ್ತಿಯ ನಕಾಶೆಯನ್ನು ಓದುವಾಗ ಯಾವ ಊರು ಎಷ್ಟು ಮೆಗಾವಾಟು ಕೊಡುವುದೆಂಬುದರ ಜೊತೆಗೆ, ಅದಕ್ಕಾಗಿ ಯಾವ ಊರು ಏನನ್ನು ಹೊರುವುದೆಂಬುದನ್ನೂ ಓದಬೇಕು. ಇನ್ನು ಮುಂದೆ ಸಂಜೆ ದೀಪದ ಗುಂಡಿಯ ಮೇಲೆ ಬೆರಳಿಟ್ಟಾಗ, ಈ ಹೊತ್ತಿನ ಎಣ್ಣೆ ಎಲ್ಲಿಯದು ಎಂದು ಒಂದು ಕ್ಷಣ ಕೇಳಿಕೊಳ್ಳೋಣ. ಉತ್ತರವು ದಿನಕ್ಕೊಂದು ಬಗೆಯಾದೀತು. ಕೇಳುವ ಅಭ್ಯಾಸ ಮಾತ್ರ ಉಳಿಯಲಿ.